ಭುಜಕ್ಕೆ ಎರಡು ಗೀಟು

ಡ್ರಾಯಿಂಗ್ ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೂವತ್ತಾರು ವರ್ಷ ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದ ಮೇಲೂ ಅದು ಅಲ್ಲಿಂದ ಕೆಳಗಿಳಿದಿರಲಿಲ್ಲ. ಅಂಗಡಿ ಬೋರ್ಡಿನ ಅಕ್ಷರ ಸೊಟ್ಟಗಿದ್ದರೆ ಬೀದಿಯಲ್ಲೇ ನಿಂತು ಬೈಯುತ್ತಿದ್ದರು. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ, ಎದುರು ಗೋಡೆಯ ಹಡಗಿನ ಚಿತ್ರದಲ್ಲಿ ನೀರು ಒಂದು ಕಡೆ ವಾಲಿದೆ ಎಂದು ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡಿದ್ದರು. "ನನ್ನ ತಮ್ಮ ಹುಟ್ಟಿದ ದಿನಾನೇ ತೊಟ್ಟಿಲು ಓರೆಯಾಗಿದೆ ಅಂತ ಅತ್ತವನು" ಎಂದು ಅವರ ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು.

ಅಕ್ಕನೂ ಅಳತೆಯವಳೇ. ನಲವತ್ತು ವರ್ಷ ಗಂಡಸರ ಕೋಟು ಹೊಲಿದವಳು. ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿ ಮುಚ್ಚಿ, ಹೊಲಿಗೆ ಮೆಷಿನ್ನನ್ನು ತಮ್ಮನ ಮನೆಯ ಮುಂದಿನ ಕೋಣೆಗೆ ತಂದಿಟ್ಟುಕೊಂಡಿದ್ದಳು. ಕೋಣೆಯ ಒಂದು ಗೋಡೆಗೆ ಅವಳ ಮೆಷಿನ್ನು, ಇನ್ನೊಂದು ಗೋಡೆಗೆ ತಮ್ಮನ ಮೇಜು, ಕಂಪ್ಯೂಟರ್ರು, ಹಾಳೆ ನುಂಗುವಾಗ ಮುಲುಗುವ ಹಳೆಯ ಪ್ರಿಂಟರ್ರು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು ದಿನವಿಡೀ ಜಗಳವಾಡುತ್ತಿದ್ದರು. ಜಗಳವಿಲ್ಲದ ದಿನ ಇಬ್ಬರಿಗೂ ಊಟ ರುಚಿಸುತ್ತಿರಲಿಲ್ಲ.

ಈ ಮೇಷ್ಟ್ರ ಪಾಲಿಗೆ 'ಎದುರುಬದುರು' ಬಂದದ್ದು ನಿವೃತ್ತಿಯ ಎರಡನೆಯ ವರ್ಷ. ಅದೊಂದು ಪುಟ್ಟ ಸಂಘ; ಕಚೇರಿಯೂ ಇಲ್ಲ, ಬಾಗಿಲೂ ಇಲ್ಲ, ಇರುವುದೆಲ್ಲ ಇಂಟರ್ನೆಟ್ಟಿನಲ್ಲಿ. ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಓಡಿಬಂದು, ಗೊತ್ತಿಲ್ಲದ ಊರಿನ ಬಾಡಿಗೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತಿರುವ ಎಳೆಯರಲ್ಲಿ ಚಿತ್ರ ಬಿಡಿಸುವವರು ಇರುತ್ತಾರಲ್ಲ, ಅವರು ತಮ್ಮ ಕಿಟಕಿಯಿಂದ ಕಾಣುವ ಬೀದಿಯನ್ನು ಬಿಡಿಸಿ ಕಳಿಸಬೇಕು. ಮೇಷ್ಟ್ರ ಶನಿವಾರದ ತರಗತಿಯ ಮಕ್ಕಳು ಅದಕ್ಕೆ ಎದುರಾಗಿ ತಮ್ಮೂರಿನ ಬೀದಿ ಬಿಡಿಸಬೇಕು. ಎರಡನ್ನೂ ಕೂಡಿಸಿದರೆ ಒಂದು ಬದಿ ಅಲ್ಲಿಯದು, ಒಂದು ಬದಿ ಇಲ್ಲಿಯದು, ನಡುವೆ ಒಂದೇ ರಸ್ತೆ. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಕೆಳಗೆ ನಾಲ್ಕು ಮಾತು ಬರೆಯಬಹುದು. ಹಾಳೆಗಳನ್ನೂ ಮಾತುಗಳನ್ನೂ ಆಚೆಯಿಂದ ಈಚೆಗೆ ದಾಟಿಸುತ್ತಿದ್ದವಳು ಎರಡೂ ಭಾಷೆ ಬಲ್ಲ ಒಬ್ಬ ಹೆಣ್ಣುಮಗಳು. ಅವಳೂ ಚಿಕ್ಕಂದಿನಲ್ಲಿ ಹೀಗೇ ಓಡಿಬಂದವಳು. ಮೇಷ್ಟ್ರು ಅವಳನ್ನು ದುಭಾಷಿ ಎಂದೇ ಕರೆಯುತ್ತಿದ್ದರು.

ಮೊದಲ ದಿನವೇ ದುಭಾಷಿ ಕಟ್ಟುನಿಟ್ಟು ಹೇಳಿದ್ದಳು. ಯಾರ ಹೆಸರೂ ಬರಕೂಡದು, ಊರಿನ ಹೆಸರು ಬರಕೂಡದು, ಯಾರ ಮುಖವನ್ನೂ ಬಿಡಿಸಕೂಡದು, ಫೋಟೋವಂತೂ ಕೂಡದೇ ಕೂಡದು. ಒಬ್ಬೊಬ್ಬರಿಗೂ ಒಂದೊಂದು ಪ್ರಾಣಿಯ ಹೆಸರು. ಮೇಷ್ಟ್ರ ಪಾಲಿಗೆ ಬಂದ ಹದಿನೈದರ ಹುಡುಗಿಗೆ ಅಳಿಲು ಎಂದು ಹೆಸರಿಟ್ಟಿದ್ದರು. ಅಳಿಲಿನ ಅಪ್ಪ ತಮ್ಮ ದೇಶದಲ್ಲಿ ಒಂದು ಜೈಲಿನ ಅಡುಗೆಯವನು. ಅಲ್ಲಿ ನೋಡಬಾರದ್ದನ್ನು ನೋಡಿದ್ದ, ನೋಡಿದ್ದನ್ನು ವಿಚಾರಣೆಯಲ್ಲಿ ಬಾಯಿಬಿಟ್ಟು ಹೇಳಿದ್ದ. ನೀನು ಭೂಮಿಯ ಯಾವ ಮೂಲೆಗೆ ಹೋದರೂ ಬಂದು ಹುಡುಕುತ್ತೇವೆ ಎಂದು ಆ ಜೈಲಿನವರು ಅವನಿಗೆ ಹೇಳಿ ಕಳಿಸಿದ್ದರು. ಅವನಂತೆಯೇ ಸಾಕ್ಷಿ ಹೇಳಿದ ಇಬ್ಬರನ್ನು ಆಗಲೇ ಹುಡುಕಿಯೂ ಆಗಿತ್ತು. ಅವರಿಗೆ ಏನಾಯಿತು ಎಂದು ಮೇಷ್ಟ್ರು ಕೇಳಿದರು. ದುಭಾಷಿ, ಅದು ಬೇಡ ಮೇಷ್ಟ್ರೇ ಎಂದಳು.

ಮೇಷ್ಟ್ರು ಎಲ್ಲಕ್ಕೂ ಒಪ್ಪಿದರು. ಫೋಟೋ ಎಂದರೆ ಅವರಿಗೆ ಮೊದಲೇ ಆಗುತ್ತಿರಲಿಲ್ಲ. ಕೈಲಾಗದವರ ಕೆಲಸ ಅದು ಎನ್ನುತ್ತಿದ್ದರು.

ಅಳಿಲಿನ ಮೊದಲ ಹಾಳೆ ಒಂದು ಗುರುವಾರ ಬೆಳಿಗ್ಗೆ ಬಂತು. ಚೊಕ್ಕ ಮನೆಗಳು, ಎಲ್ಲ ಕಿಟಕಿಗಳೂ ಒಂದೇ ಅಳತೆ, ಮೂಲೆಯಲ್ಲೊಬ್ಬ ನಗುವ ಸೂರ್ಯ. ಮೇಷ್ಟ್ರ ಪಿತ್ತ ನೆತ್ತಿಗೇರಿತು. ಇದು ಕಿಟಕಿಯಿಂದ ಕಂಡ ಬೀದಿಯಲ್ಲ, ತಲೆಯೊಳಗೆ ಇದ್ದ ಬೀದಿ. ಗೊತ್ತಿರುವುದನ್ನು ಬಿಡಿಸಬೇಡ, ಕಾಣುವುದನ್ನು ಬಿಡಿಸು ಎಂದು ಎರಡು ಪುಟ ಬೈದು ಬರೆದರು. ದುಭಾಷಿ ಅದನ್ನು ಅರ್ಧ ಪುಟಕ್ಕೆ ಇಳಿಸಿ ದಾಟಿಸಿದಳು. ಮರುವಾರ ಬಂದ ಹಾಳೆಯಲ್ಲಿ ಸೂರ್ಯ ಇರಲಿಲ್ಲ. ಮೇಷ್ಟ್ರಿಗೆ ಆಗಲೇ ಗೊತ್ತಾಯಿತು, ಈ ಹುಡುಗಿ ಬೈಗುಳ ನುಂಗಿ ಬೆಳೆಯುವ ಜಾತಿ.

ಆಮೇಲೆ ಅವರು ತಮ್ಮ ಬತ್ತಳಿಕೆಯಲ್ಲಿದ್ದ ದೊಡ್ಡ ವಿದ್ಯೆಯನ್ನೇ ತೆಗೆದರು. ಪೆನ್ಸಿಲ್ ಹಿಡಿದು ಕೈ ಪೂರ್ತಿ ಚಾಚು, ಮೊಣಕೈ ಮಡಿಸಬೇಡ. ಒಂದು ಕಣ್ಣು ಮುಚ್ಚು. ಪೆನ್ಸಿಲ್ಲಿನ ತುದಿ ವಸ್ತುವಿನ ನೆತ್ತಿಗೆ ಬರಲಿ, ಹೆಬ್ಬೆರಳು ಅದರ ಬುಡಕ್ಕೆ ಬರಲಿ. ತುದಿಯಿಂದ ಹೆಬ್ಬೆರಳಿಗೆ ಎಷ್ಟಿದೆಯೋ ಅಷ್ಟನ್ನು ಹಾಳೆಯ ಎಡ ಅಂಚಿನಲ್ಲಿ ಮೇಲೊಂದು ಕೆಳಗೊಂದು ಗೀಟು ಹಾಕಿ ಗುರುತು ಮಾಡು, ಆ ಅಳತೆಯಲ್ಲೇ ಬಿಡಿಸು. ಮನುಷ್ಯರನ್ನು ಅಳೆದರೆ ತಲೆಯ ಗೀಟಿನ ಮೇಲೊಂದು ಚುಕ್ಕೆ ಇಡು, ಭುಜಕ್ಕೆ ಇನ್ನೊಂದು ಗೀಟು ಹಾಕು. ಗೀಟುಗಳನ್ನು ಅಳಿಸಬೇಡ, ನಿನ್ನ ಲೆಕ್ಕ ನನಗೆ ಕಾಣಬೇಕು. ಇಂಟರ್ನೆಟ್ಟಿಗೆ ಹಾಕುವಾಗ ದುಭಾಷಿ ಅಂಚನ್ನು ಕತ್ತರಿಸುತ್ತಿದ್ದಳು. ಆ ಗೀಟುಗಳನ್ನು ನೋಡುತ್ತಿದ್ದವರು ಮೇಷ್ಟ್ರು ಒಬ್ಬರೇ. ಬಂದ ಹಾಳೆಯನ್ನು ಅಳತೆ ಕೆಡದಂತೆ ಪ್ರಿಂಟ್ ತೆಗೆದು, ಮೇಜಿನ ಮೇಲೆ ಹರಡಿ, ಗೀಟಿಗೂ ಚಿತ್ರಕ್ಕೂ ತಾಳೆ ನೋಡುವುದು ಅವರ ಗುರುವಾರದ ಪೂಜೆಯಾಯಿತು.

ಐದನೆಯ ಹಾಳೆಗೆ ಹುಡುಗಿಯ ಕೈ ಕುದುರಿಬಿಟ್ಟಿತು. ಮೂರು ಕಾಲಿನ ನೀರಿನ ಟ್ಯಾಂಕು. ಒಂದು ಕಾಲಿಗೆ ಕಬ್ಬಿಣದ ಪಟ್ಟಿ ಸುತ್ತಿ ರಿಪೇರಿ ಮಾಡಿದ್ದಾರೆ, ಆ ಪಟ್ಟಿಗೆ ಏಳು ಬೋಲ್ಟು. ಮೇಷ್ಟ್ರು ಬೋಲ್ಟುಗಳನ್ನು ಎಣಿಸಿ, ಕುರ್ಚಿಗೊರಗಿ, ಅಕ್ಕನನ್ನು ಕರೆದು ತೋರಿಸಿದರು. ಅಕ್ಕ ಕನ್ನಡಕ ಏರಿಸಿಕೊಂಡು ನೋಡಿ, ಪಾಪ, ಆ ಮಗುವನ್ನು ಹೊರಗೆ ಹೋಗಲು ಬಿಟ್ಟಿದ್ದರೆ ಬೋಲ್ಟು ಎಣಿಸುತ್ತಾ ಕೂರುತ್ತಿರಲಿಲ್ಲ ಎಂದಳು.

ಆ ಹಾಳೆಯ ಕೆಳಗೇ ಮೊದಲ ಸಲ ಒಬ್ಬರ ಮಾತು ಕಾಣಿಸಿಕೊಂಡಿತು. ಅಷ್ಟು ದಿನ ಅಲ್ಲಿ ಬರೆಯುತ್ತಿದ್ದವರು ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು, 'ಸೂಪರ್' ಎಂದು ಬರೆದು ಓಡುವವರು. ಈತ ಹಾಗಲ್ಲ. ಹೆಸರಿನ ಜಾಗದಲ್ಲಿ 'ಅಭಿಮಾನಿ' ಎಂದು ಹಾಕಿಕೊಂಡಿದ್ದ. ಟ್ಯಾಂಕಿನ ಕಾಲಿನ ಪಟ್ಟಿಯನ್ನು ಗಮನಿಸಿದ್ದ, ನೆರಳು ಯಾವ ಕಡೆ ಬಿದ್ದಿದೆ ಎಂಬುದನ್ನು ಗಮನಿಸಿದ್ದ. ಕೊನೆಗೆ, ಟ್ಯಾಂಕಿನ ಎಡಕ್ಕೆ ಏನಿದೆಯೋ ನೋಡುವ ಆಸೆ ಎಂದು ಬರೆದಿದ್ದ.

ಮೇಷ್ಟ್ರು ಉಬ್ಬಿಹೋದರು. ಜೀವಮಾನದಲ್ಲಿ ಇಂಥ ನೋಡುಗ ಒಬ್ಬ ಸಿಕ್ಕರೆ ಸಾಕು ಎಂದು ಅಕ್ಕನ ಮುಂದೆ ಮೂರು ಸಲ ಹೇಳಿದರು. ಅಳಿಲಿಗೆ ಬರೆದರು: ಮುಂದಿನ ಹಾಳೆ ಟ್ಯಾಂಕಿನ ಎಡಕ್ಕೆ. ಅಲ್ಲಿ ಅರ್ಧ ಷಟರ್ ಎಳೆದ ಬಟ್ಟೆ ಅಂಗಡಿ, ಅದರ ಪಕ್ಕ ಹೊರಗೋಡೆಗೆ ಅಂಟಿಕೊಂಡ ಕಬ್ಬಿಣದ ಮೆಟ್ಟಿಲು ಇತ್ತು. ಅಭಿಮಾನಿ ಹೊಗಳಿದ, ಬಲಕ್ಕೆ ಏನಿದೆ ಎಂದು ಕೇಳಿದ. ಬಲಕ್ಕೆ ಗಡಿಯಾರ ಕಿತ್ತುಹೋಗಿ ದುಂಡನೆಯ ತೂತು ಮಾತ್ರ ಉಳಿದಿದ್ದ ಒಂದು ಗೋಪುರ. ಮೂರೂ ಹಾಳೆಗಳ ಅಂಚು ಜೋಡಿಸಿದರೆ ಒಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂಡಿಕೊಂಡವು. ಅಭಿಮಾನಿ ಇನ್ನೊಂದು ಮಾತು ಬರೆದ: ಇಷ್ಟು ಚಂದದ ಬೀದಿಗೆ ಕಿಟಕಿಯ ಚೌಕಟ್ಟೂ ಇದ್ದಿದ್ದರೆ ಚಿತ್ರಕ್ಕೊಂದು ಆವರಣ ಸಿಗುತ್ತಿತ್ತು.

ಇದು ಮೇಷ್ಟ್ರ ಬಾಯಿಂದ ಬರಬೇಕಾಗಿದ್ದ ಮಾತು. ತಮಗೇ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಎಂಟನೆಯ ಹಾಳೆಯಲ್ಲಿ ಚೌಕಟ್ಟು ಬಂತು: ನಾಲ್ಕು ಗಾಜಿನ ಕಿಟಕಿ, ಕೆಳಗಿನ ಬಲ ಗಾಜು ಒಡೆದಿದೆ, ಒಡೆದ ಜಾಗಕ್ಕೆ ಅಡ್ಡಡ್ಡ ಎರಡು ಟೇಪು, ಸರಳಿಗೆ ಒಣಗಲು ಕಟ್ಟಿದ ಒಂಟಿ ಕಾಲುಚೀಲ. ಕಾಲುಚೀಲದಲ್ಲಿ ಬೆರಳಿನ ಹತ್ತಿರ ತೂತು. ಮೇಷ್ಟ್ರು ಆ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡರು. ಹೊರಗಿನಿಂದ ಆ ಬೀದಿಯಲ್ಲಿ ನಿಂತವನಿಗೆ ಅದೇ ಕಿಟಕಿ, ಅದೇ ಟೇಪು, ಅದೇ ಕಾಲುಚೀಲ ಕಾಣುತ್ತದೆ ಎಂಬ ಯೋಚನೆ ಅವರ ತಲೆಯ ಹತ್ತಿರವೂ ಸುಳಿಯಲಿಲ್ಲ. ಬುದ್ಧಿವಂತರು ಬೇಕಾದಷ್ಟಿದ್ದರು ಆ ಸಂಘದಲ್ಲಿ. ಫೋಟೋ ಕೂಡದು ಎಂದು ನಿಯಮ ಮಾಡಿದವರು, ಫೋಟೋವನ್ನೂ ಮೀರಿಸುವ ಹಾಳೆಗಳನ್ನು ವಾರವಾರವೂ ಊರಿಗೆಲ್ಲ ಹಂಚುತ್ತಿದ್ದರು. ಬೈಯಬೇಕಾದರೆ ಎಲ್ಲರನ್ನೂ ಬೈಯಬೇಕು.

ಚೌಕಟ್ಟಿನ ಹಾಳೆ ಬಂದ ಮೇಲೆ ಅಭಿಮಾನಿ ಬರೆಯುವುದನ್ನು ನಿಲ್ಲಿಸಿದ. ಮೇಷ್ಟ್ರು ದಿನಕ್ಕೆ ನಾಲ್ಕು ಸಲ ತೆರೆದು ನೋಡಿದರು. ಏನೂ ಇಲ್ಲ. ಒಳ್ಳೆಯ ನೋಡುಗನೊಬ್ಬ ಬೇಸತ್ತು ಹೋದನಲ್ಲ ಎಂದು ಅವರು ಕೊರಗಿದರು. ನಿನ್ನ ಹತ್ತಿರ ಯಾರು ತಾನೇ ಜಾಸ್ತಿ ದಿನ ಉಳಿದಾರು ಎಂದು ಅಕ್ಕ ಚುಚ್ಚಿದಳು.

ಒಂಬತ್ತನೆಯ ಹಾಳೆಯಲ್ಲಿ ಮೊದಲ ಸಲ ಬೀದಿಗೆ ಮನುಷ್ಯ ಬಂದ. ದೂರದಲ್ಲಿ, ಗೋಪುರದ ಬುಡದಲ್ಲಿ, ಕೋಟು ತೊಟ್ಟು ನಿಂತ ಗಂಡಸು, ಕಿರುಬೆರಳಿನ ಉಗುರಿನಷ್ಟು. ಬೀದಿಗೆ ಜೀವ ಬಂತು ಎಂದು ಮೇಷ್ಟ್ರು ಮೆಚ್ಚಿ ಬರೆದರು. ಹತ್ತನೆಯ ಹಾಳೆಯಲ್ಲಿ ಟ್ಯಾಂಕಿನ ಕೆಳಗೊಬ್ಬ, ಮೊದಲಿನವನ ಎರಡರಷ್ಟು ಎತ್ತರ. ಹನ್ನೊಂದನೆಯದರಲ್ಲಿ ಬಟ್ಟೆ ಅಂಗಡಿಯ ಷಟರಿನ ಮುಂದೊಬ್ಬ, ಇನ್ನೂ ದೊಡ್ಡವನು, ಹೆಚ್ಚುಕಡಿಮೆ ಒಂದು ಬೆರಳಿನ ಉದ್ದ. ಮೂವರ ಮುಖವೂ ಖಾಲಿ. ಮುಖ ಬಿಡಿಸಬಾರದು ಎಂಬ ನಿಯಮವನ್ನು ಹುಡುಗಿ ಬೀದಿಯವರಿಗೂ ಪಾಲಿಸಿದ್ದಳು.

ಮೇಷ್ಟ್ರಿಗೆ ಕಸಿವಿಸಿಯಾಯಿತು. ಇಷ್ಟು ಚೆನ್ನಾಗಿ ಅಳೆಯುವವಳು ಮನುಷ್ಯರ ವಿಷಯಕ್ಕೆ ಬಂದೊಡನೆ ಎಡವುತ್ತಿದ್ದಾಳೆ. ಅಂಚಿನಲ್ಲಿ ಬೇರೆ, ಚುಕ್ಕೆ ಇಟ್ಟ ತಲೆಯ ಗೀಟಿನ ಕೆಳಗೆ ಭುಜಕ್ಕೆಂದು ಒಂದರ ಬದಲು ಎರಡು ಗೀಟು ಹಾಕಿದ್ದಾಳೆ, ಒಂದರ ಕೆಳಗೊಂದು ಒತ್ತೊತ್ತಾಗಿ. ಮೂರೂ ಹಾಳೆಯಲ್ಲಿ ಹಾಗೇ. ಕೈ ನಡುಗಿರಬೇಕು. ಅವರು ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ಬರೆದರು: ಆಕೃತಿಗಳ ಎತ್ತರ ಹಾಳೆಯಿಂದ ಹಾಳೆಗೆ ಬದಲಾಗುತ್ತಿದೆ, ಭುಜಕ್ಕೆ ಒಂದು ಗೀಟು ಸಾಕು, ಮತ್ತೆ ಅಳೆದು ಬಿಡಿಸು.

ಎರಡು ದಿನದ ಮೇಲೆ ಉತ್ತರ ಬಂತು, ಒಂದೇ ಸಾಲು. "ಅಳತೆ ಸರಿಯಾಗಿದೆ ಮೇಷ್ಟ್ರೇ, ಮೂರು ಸಲ ಅಳೆದೆ."

ಎದುರುತ್ತರ ಕೊಡುವ ಶಿಷ್ಯೆಯನ್ನು ಕಂಡರೆ ಮೇಷ್ಟ್ರಿಗೆ ಒಳಗೊಳಗೇ ಇಷ್ಟ, ಹೊರಗೆ ಮಾತ್ರ ಸಿಡಿಮಿಡಿ. ಮೂರೂ ಹಾಳೆಗಳನ್ನು ಎತ್ತಿಕೊಂಡು ಹೋಗಿ ಅಕ್ಕನ ಮೆಷಿನ್ನಿನ ಹಲಗೆಯ ಮೇಲೆ ಸಾಲಾಗಿ ಇಟ್ಟು, ನೋಡು, ನಿನ್ನ ಮುದ್ದಿನ ಅಳಿಲು ನನಗೇ ಪಾಠ ಹೇಳುತ್ತಿದೆ ಎಂದರು.

ಅಕ್ಕ ಒಂದು ಕೋಟಿನ ಅಸ್ತರು ಬಿಚ್ಚುತ್ತಾ ಕೂತಿದ್ದಳು. ಕತ್ತರಿ ಕೆಳಗಿಟ್ಟು ಮೊದಲ ಹಾಳೆ ನೋಡಿದಳು, ಎರಡನೆಯದು ನೋಡಿದಳು. ಮೂರನೆಯದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇವರು ಮೂರು ಜನ ಅಲ್ಲ ಕಣೋ" ಎಂದಳು. "ಒಬ್ಬನೇ."

"ಅದ್ಹೇಗೆ ಹೇಳ್ತೀಯ? ಮುಖಾನೇ ಇಲ್ಲ."

"ಮುಖ ಕಟ್ಕೊಂಡು ನನಗೇನಾಗಬೇಕು? ಎಡ ಭುಜ ನೋಡು. ಬಲಕ್ಕಿಂತ ಇಳಿದಿದೆ. ಅದಕ್ಕೇ ಆ ಮಗು ಎರಡು ಗೀಟು ಹಾಕಿದೆ, ಎರಡು ಭುಜಕ್ಕೆ ಎರಡು. ಇಂಥವರ ಕೋಟಿಗೆ ನಾನು ಎಡಗಡೆ ಒಳಗೆ ಹತ್ತಿ ಇಟ್ಟು ಹೊಲೀತಿದ್ದೆ. ಇವನ ದರ್ಜಿ ಇಟ್ಟಿಲ್ಲ."

"ಹಾಗಾದ್ರೆ ಅಳತೆ ಪೂರ್ತಿ ತಪ್ಪು. ಒಬ್ಬನೇ ಮನುಷ್ಯ ಮೂರು ಸೈಜಿನಲ್ಲಿ ಇರೋಕಾಗುತ್ತಾ?"

ಅಕ್ಕ ಕನ್ನಡಕ ತೆಗೆದಳು. ತಮ್ಮನ ಮುಖವನ್ನು ಅವಳು ಹಾಗೆ ನೋಡಿದ್ದು ಬಹಳ ವರ್ಷಗಳ ಹಿಂದೆ, ಅವರಪ್ಪ ಹೋದ ದಿನ.

"ದೂರದ್ದು ಸಣ್ಣದು, ಹತ್ತಿರದ್ದು ದೊಡ್ಡದು" ಎಂದಳು. "ನೀನೇ ಅಲ್ವೇನೋ ಊರಿಗೆಲ್ಲ ಕಲಿಸಿದ್ದು?"

ಮೇಷ್ಟ್ರು ಮೂರೂ ಹಾಳೆಗಳ ಮೇಲೆ ಬಗ್ಗಿದರು. ಗೋಪುರದ ಬುಡದಲ್ಲಿ ಒಂದು ಗುರುವಾರ, ಟ್ಯಾಂಕಿನ ಕೆಳಗೆ ಮುಂದಿನ ಗುರುವಾರ, ಷಟರಿನ ಮುಂದೆ ಅದರ ಮುಂದಿನ ಗುರುವಾರ. ಮೂರು ಹಾಳೆಯಲ್ಲೂ ಆ ಖಾಲಿ ಮುಖ ತಿರುಗಿದ್ದು ಒಂದೇ ಕಡೆಗೆ, ನೋಡುತ್ತಿರುವವರ ಕಡೆಗೆ, ಎಂದರೆ ಕಿಟಕಿಯ ಕಡೆಗೆ. ಹುಡುಗಿ ಮೂರು ವಾರದಿಂದ ಕಂಡದ್ದನ್ನು ಕಂಡಂತೆ ತಿಳಿಸುತ್ತಿದ್ದಳು. ಅವರು ಅದಕ್ಕೆ ಕೆಂಪು ಸುತ್ತು ಹಾಕಿ ಹಿಂದಕ್ಕೆ ಕಳಿಸಿದ್ದರು. ಟ್ಯಾಂಕಿನ ಎಡಕ್ಕೇನು, ಬಲಕ್ಕೇನು, ಚೌಕಟ್ಟು ಎಲ್ಲಿ ಎಂದು ಒಬ್ಬ ಕೇಳಿದಾಗ, ತಟ್ಟೆಯಲ್ಲಿಟ್ಟು ಬಡಿಸಿದವರೂ ಅವರೇ. ಅವರಿಗೆ ತಮ್ಮ ಮೇಲೆ ಅಸಹ್ಯವಾಯಿತು.

ಕೂಡಲೇ ಫೋನ್ ಮಾಡಿ ದುಭಾಷಿಗೆ ಎಲ್ಲವನ್ನೂ ಹೇಳಿದರು. ಹತ್ತು ನಿಮಿಷದಲ್ಲಿ ಬೀದಿಯ ಎಲ್ಲ ಹಾಳೆಗಳೂ ಇಂಟರ್ನೆಟ್ಟಿನಿಂದ ಮಾಯವಾದವು. ತೆಗೆದರೇನು ಬಂತು, ನೋಡಬೇಕಾದವನು ನೋಡಿ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳೇ ಮತ್ತೆ ಫೋನ್ ಮಾಡಿದಳು. ಅಳಿಲಿನ ಅಪ್ಪನಿಗೆ ಮುಟ್ಟಿಸಿದ್ದಾಳೆ, ಕೈಗೆ ಸಿಕ್ಕಿದ್ದನ್ನು ಎರಡು ಚೀಲಕ್ಕೆ ತುಂಬಿಕೊಂಡು ಅವರು ಹೊರಡುತ್ತಿದ್ದಾರೆ. ಎಲ್ಲಿಗೆ ಹೋಗಬೇಕು ಎಂದು ನಾನೇ ಒಂದೆರಡು ಕಡೆ ಕೇಳುತ್ತೇನೆ ಎಂದಳು.

"ಬೇಡ" ಎಂದರು ಮೇಷ್ಟ್ರು. "ನೀನು ಕೇಳ್ಬೇಡಮ್ಮ. ಅವರಪ್ಪನಿಗೆ ತೋಚಿದ ಕಡೆ ಹೋಗ್ಲಿ. ಎಲ್ಲಿ ಅಂತ ನನಗೂ ಗೊತ್ತಾಗಬಾರದು, ನಿನಗೂ ಗೊತ್ತಾಗಬಾರದು. ಗೊತ್ತಿರೋರು ಒಬ್ಬರೂ ಇಲ್ಲ ಅಂದ್ರೆ ಯಾರ ಬಾಯಿಂದ ತಾನೇ ಹೊರಬರುತ್ತೆ?"

ದುಭಾಷಿ ಸ್ವಲ್ಪ ಯೋಚಿಸಿ, ಅದೇ ಸರಿ ಎಂದಳು. ಆ ದಿನ ಅದು ಎಲ್ಲರಿಗೂ ಸರಿ ಎನಿಸಿತ್ತು. ಉಳಿದದ್ದು ಅಳಿಲಿನ ಅಮ್ಮನ ಫೋನೊಂದೇ. ಅದರಿಂದ ಅವರು ಮಾತು ಕಳಿಸಬಹುದು, ಹಾಳೆ ಕಳಿಸಬಹುದು, ಊರು ಮಾತ್ರ ಹೇಳುವಂತಿಲ್ಲ.

ಅಳಿಲು ಇನ್ನು ಚಿತ್ರ ಬಿಡಿಸುವುದೇ ಬೇಡ ಎಂದು ಹೇಳಿಬಿಡಬಹುದಿತ್ತು. ಮೇಷ್ಟ್ರು ಅದನ್ನು ಹೇಳಲೆಂದೇ ಕೂತರು, ಹೇಳಲಾಗಲಿಲ್ಲ. ಹುಡುಗಿಗೆ ಇರುವುದು ಅದೊಂದೇ ಎಂದು ದುಭಾಷಿ ಹೇಳಿದ್ದಳು. ನಿಜ ಹೇಳಬೇಕೆಂದರೆ ಮೇಷ್ಟ್ರಿಗೂ ಇದ್ದದ್ದು ಅದೊಂದೇ. ಮೂವತ್ತಾರು ವರ್ಷದಲ್ಲಿ ಅಂಥ ಕೈ ಅವರ ತರಗತಿಗೆ ಬಂದಿರಲಿಲ್ಲ. ಕೊನೆಗೆ ಅವರು ಜೀವಮಾನವಿಡೀ ಹೇಳಿದ್ದನ್ನೆಲ್ಲ ತಲೆಕೆಳಗು ಮಾಡಿ ಒಂದು ಪತ್ರ ಬರೆದರು. ಕಂಡದ್ದನ್ನು ಬಿಡಿಸಬೇಡ. ಪೆನ್ಸಿಲ್ ಹಿಡಿದು ಅಳೆಯಬೇಡ. ಬಾಗಿಲು ಮನೆಗಿಂತ ದೊಡ್ಡದಿರಲಿ, ಮರ ಬೇರು ಮೇಲಾಗಿ ನಿಲ್ಲಲಿ. ಒಂದು ಗೆರೆಯೂ ನಿಜವಾಗಿರಬಾರದು. ನಾನೇ ಭೂತಗನ್ನಡಿ ಹಿಡಿದು ಕೂತರೂ ನೀನೆಲ್ಲಿದ್ದೀಯ ಎಂದು ನನಗೆ ತಿಳಿಯಬಾರದು.

ಸಂಜೆ ಉತ್ತರ ಬಂತು. ತಪ್ಪು ಬಿಡಿಸುವುದು ಹೇಗೆ ಅಂತ ನೀವು ಹೇಳಿಕೊಟ್ಟಿಲ್ಲವಲ್ಲ ಮೇಷ್ಟ್ರೇ, ಕಲಿಯುತ್ತೇನೆ ಎಂದು ಬರೆದಿದ್ದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅಕ್ಕ ಬೆನ್ನು ತಿರುಗಿಸಿಯೇ ಕೂತಿದ್ದಳು, ಮೆಷಿನ್ನು ಮಾತ್ರ ಓಡುತ್ತಿರಲಿಲ್ಲ.

"ಹೋಗುವಾಗ ಹಿಂದೆ ಯಾರಾದ್ರೂ ಬಂದ್ರಾ ಅಂತ ನೋಡಿಕೊಂಡರೋ ಇಲ್ವೋ" ಎಂದಳು.

ಮೇಷ್ಟ್ರು ಗೋಡೆಗೆ ಅಂಟಿಸಿದ್ದ ಕಿಟಕಿಯ ಹಾಳೆಯತ್ತ ನೋಡಿದರು. ಹಗಲು ಹೊತ್ತು, ಎರಡು ಚೀಲ, ತೆರೆದ ಬೀದಿ. ಅವನು ನಿಂತಿದ್ದ ಬೀದಿ.

ಒಂದು ಗುರುವಾರ ಏನೂ ಬರಲಿಲ್ಲ, ಎರಡನೆಯದೂ ಹಾಗೇ ಹೋಯಿತು. ಮೇಷ್ಟ್ರು ಪ್ರಿಂಟರಿನ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ಶನಿವಾರದ ತರಗತಿಯಲ್ಲಿ ಒಂದು ಮಗು ಬಸ್ಸಿಗಿಂತ ಎತ್ತರದ ಕೋಳಿ ಬಿಡಿಸಿಕೊಂಡು ಬಂತು. ಉಳಿದ ಮಕ್ಕಳು ಇನ್ನು ಗುಡುಗು ಸಿಡಿಲು ಎಂದು ಉಸಿರು ಬಿಗಿಹಿಡಿದು ಕಾದರು. ಮೇಷ್ಟ್ರು ಕೋಳಿಯನ್ನು ನೋಡಿ, ಮಗುವಿನ ತಲೆ ಸವರಿ, ಚೆನ್ನಾಗಿದೆ ಎಂದರು. ಮಕ್ಕಳಿಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

ಬೀದಿಗೆ ಹೋದರೂ ನೆಮ್ಮದಿಯಿರಲಿಲ್ಲ. ಬಸ್ ನಿಲ್ದಾಣದಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ, ಅವರ ಕಣ್ಣು ಗಂಡಸರ ಭುಜಗಳ ಮೇಲೆಯೇ ಓಡಾಡುತ್ತಿತ್ತು. ಲೋಕದಲ್ಲಿ ಇಷ್ಟೊಂದು ಜನರ ಭುಜ ಓರೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಮೂರನೆಯ ವಾರದ ಒಂದು ಸೋಮವಾರ ಬೆಳಿಗ್ಗೆ ಫೋನ್ ಬಂತು. ದುಭಾಷಿಯ ದನಿಯಲ್ಲಿ ನಗು ಇತ್ತು. ಅಳಿಲಿನ ಹಾಳೆ ಈಗಷ್ಟೇ ಬಂದಿದೆಯಂತೆ; ಮಾತೇನೂ ಬರೆದಿಲ್ಲವಂತೆ, ಹಾಳೆ ಮಾತ್ರ. ನೋಡಿ ಮೇಷ್ಟ್ರೇ, ಎಷ್ಟು ಚೆನ್ನಾಗಿ ಕೆಟ್ಟದಾಗಿ ಬಿಡಿಸಿದ್ದಾಳೆ ಎಂದಳು. ಪ್ರಿಂಟರು ಮುಲುಗಿ ಮುಲುಗಿ ಹಾಳೆಯನ್ನು ಹೊರಗೆ ತಳ್ಳಿತು. ಅದರ ತುಂಬ ಅಸಾಧ್ಯ ಸಂಗತಿಗಳೇ: ತಲೆಕೆಳಗಾಗಿ ಚಾವಣಿಯ ಮೇಲೆ ನಿಂತ ಮನೆ, ಮೋಡಕ್ಕೆ ಮೆಟ್ಟಿಲು, ಮನೆಗಿಂತ ದೊಡ್ಡ ಕುರ್ಚಿ, ಬೇರು ಆಕಾಶಕ್ಕೆ ಚಾಚಿದ ಮರ, ಮರದಲ್ಲಿ ಕಾಲುಚೀಲಗಳು ಹಣ್ಣಿನಂತೆ ತೂಗುತ್ತಿವೆ. ಮೂಲೆಯಲ್ಲಿ ಆ ನಗುವ ಸೂರ್ಯನೂ ಮರಳಿ ಬಂದಿದ್ದ. ಮೇಷ್ಟ್ರು ಜೋರಾಗಿ ನಕ್ಕರು. ಅಕ್ಕ ಕುಂಟುತ್ತಾ ಎದ್ದು ಬಂದು ಅವರ ಭುಜದ ಮೇಲಿಂದ ನೋಡಿ ತಾನೂ ನಕ್ಕಳು. ಕೆಂಪು ಪೆನ್ಸಿಲ್ ತೆಗೆದುಕೊಂಡು, ಹಾಳೆಯ ಕೆಳಗೆ, ಅಂಥ ಚಿತ್ರಕ್ಕೆ ಜೀವಮಾನದಲ್ಲಿ ಮೊದಲ ಸಲ, ಮೇಷ್ಟ್ರು 'ಎಲ್ಲವೂ ಸರಿಯಾಗಿದೆ' ಎಂದು ಬರೆಯತೊಡಗಿದರು.

'ಎಲ್ಲವೂ' ಎಂದು ಬರೆಯುವಷ್ಟರಲ್ಲಿ ಅಭ್ಯಾಸಬಲದಿಂದ ಕಣ್ಣು ಎಡ ಅಂಚಿಗೆ ಹೋಯಿತು.

ಅಲ್ಲಿ ಗೀಟುಗಳಿದ್ದವು.

ಅಳೆಯಬೇಡ ಎಂದಿದ್ದೆನಲ್ಲ ಎಂದು ಮೊದಲು ಸಿಟ್ಟೇ ಬಂತು. ಯಾವುದರ ಅಳತೆ ಇರಬಹುದೆಂದು ಕುರ್ಚಿಗೆ ಹಿಡಿದು ನೋಡಿದರು, ಹೊಂದಲಿಲ್ಲ. ಮನೆಗೂ ಹೊಂದಲಿಲ್ಲ, ಮರಕ್ಕೂ ಹೊಂದಲಿಲ್ಲ. ಚಿತ್ರದಲ್ಲಿ ಇದ್ದ ಯಾವುದರ ಅಳತೆಯೂ ಅದಲ್ಲ. ಮೇಲಿನ ಗೀಟಿನ ನೆತ್ತಿಗೆ ಒಂದು ಚುಕ್ಕೆ. ಅದರ ಕೆಳಗೆ ಎರಡು ಗೀಟು, ಒಂದಕ್ಕಿಂತ ಒಂದು ಇಳಿದದ್ದು. ಬಹಳ ಕೆಳಗೆ, ಪಾದಕ್ಕೆ ಹಾಕುವಂತೆ, ಇನ್ನೊಂದು.

ಮೇಷ್ಟ್ರು ಡಬ್ಬಿಯಿಂದ ಇನ್ನೂ ಚೂಪು ಮಾಡದ ಹೊಸ ಪೆನ್ಸಿಲ್ಲೊಂದನ್ನು ತೆಗೆದು ಚುಕ್ಕೆಯಿಂದ ಕೊನೆಯ ಗೀಟಿಗೆ ಹಿಡಿದರು. ಸರಿಯಾಗಿ ಕೂತಿತು. ಕೈ ಚಾಚಿ ಹಿಡಿದ ಇಡೀ ಪೆನ್ಸಿಲ್ಲಿನಷ್ಟು ಉದ್ದ ಒಬ್ಬ ಮನುಷ್ಯ ಕಾಣಬೇಕಾದರೆ ಅವನು ಎಷ್ಟು ದೂರ ಇರಬೇಕು ಎಂದು ಅವರು ಲೆಕ್ಕ ಹಾಕಬೇಕಾಗಿರಲಿಲ್ಲ. ನೂರಾರು ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಕಲಿಸಿದ ಲೆಕ್ಕ ಅದು. ಐದು ಮೀಟರು. ಒಂದು ಕೋಣೆಯ ಒಂದು ತುದಿಯಿಂದ ಇನ್ನೊಂದು ತುದಿ.

"ಅವನೇ" ಎಂದಳು ಅಕ್ಕ, ಅವರ ಹಿಂದೆ. ಅವಳ ಬೆರಳು ಆ ಎರಡು ಗೀಟಿನ ಮೇಲಿತ್ತು.

ಫೋನ್ ಇನ್ನೂ ಮೇಜಿನ ಮೇಲೆ ತೆರೆದೇ ಇತ್ತು, ಅದರೊಳಗಿಂದ ದುಭಾಷಿ ಮೇಷ್ಟ್ರೇ, ಮೇಷ್ಟ್ರೇ ಎಂದು ಕರೆಯುತ್ತಿದ್ದಳು. ಮೇಷ್ಟ್ರು ಅದನ್ನು ಎತ್ತಿಕೊಂಡರು. ಮಾತು ತಮ್ಮದಲ್ಲವೇನೋ ಎಂಬಂತೆ ಬಂತು.

"ಅಮ್ಮಾ, ಅವನು ಅವರ ಮನೆ ಒಳಗಿದಾನೆ. ಪೊಲೀಸರಿಗೆ ಹೇಳು, ಯಾರನ್ನಾದ್ರೂ ಕಳಿಸು. ಈಗಲೇ ಕಳಿಸು."

ಆ ಕಡೆ ನಗು ನಿಂತುಹೋಯಿತು. ಅವಳು ಇನ್ನೊಂದು ಫೋನಿನಲ್ಲಿ ಅಳಿಲಿನ ಅಮ್ಮನಿಗೆ ಕರೆ ಮಾಡುವುದು ಕೇಳಿಸಿತು. ಒಂದು ಸಲ, ಮತ್ತೊಂದು ಸಲ. ಆ ಫೋನು ಆಫ್ ಆಗಿತ್ತು. ಆಮೇಲೆ ಅವಳ ದನಿ ತೀರಾ ಸಣ್ಣದಾಗಿ ಬಂತು.

"ಎಲ್ಲಿಗೆ ಅಂತ ಕಳಿಸಲಿ ಮೇಷ್ಟ್ರೇ? ಯಾರಿಗೂ ಗೊತ್ತಿರಬಾರದು ಅಂತ ನೀವೇ ಹೇಳಿದ್ರಲ್ಲ."

ಮೇಷ್ಟ್ರು ಫೋನನ್ನು ಅಕ್ಕನ ಕೈಗೆ ಕೊಟ್ಟರು. ಖಾನೆಯಿಂದ ಭೂತಗನ್ನಡಿ ತೆಗೆದು ಹಾಳೆಯ ಮೇಲೆ ಬಗ್ಗಿದರು. ಒಂದು ಬೋಲ್ಟು ಸಾಕು. ಕಿಟಕಿಯ ಒಂದು ಸರಳು, ಎದುರು ಮನೆಯ ಒಂದು ಚಾವಣಿ, ಮರೆತು ಬಿಡಿಸಿದ ಒಂದು ಕಂಬ, ಇಲ್ಲಿದ್ದೇನೆ ಎಂದು ಹೇಳುವ ಏನಾದರೊಂದು. ಮೋಡದ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿದರು, ಕುರ್ಚಿಯ ಕಾಲು ನೋಡಿದರು, ತಲೆಕೆಳಗಾದ ಮನೆಯನ್ನು ಹಾಳೆ ತಿರುಗಿಸಿ ನೋಡಿದರು. ನಗುವ ಸೂರ್ಯನ ಕಿರಣಗಳನ್ನೂ ಬಿಡಲಿಲ್ಲ. ಅಕ್ಕ ಅವರ ತೋಳು ಹಿಡಿದು ಏನೋ ಕೇಳಿದಳು, ಅವರಿಗೆ ಕೇಳಿಸಲಿಲ್ಲ. ಮತ್ತೆ ಮೇಲಿನ ಮೂಲೆಯಿಂದ ಶುರುಮಾಡಿದರು.

ಅಂಚಿನ ಆ ನಾಲ್ಕು ಗೀಟು ಬಿಟ್ಟರೆ ಇಡೀ ಹಾಳೆಯಲ್ಲಿ ಒಂದು ಗೆರೆಯೂ ನಿಜವಿರಲಿಲ್ಲ. ಹುಡುಗಿ ಮೇಷ್ಟ್ರ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು.